ಬ್ರೆಡ್ಡು ಎಸೆದ ಚಿಕ್ಕಪ್ಪ

ಒಂದು ಬನ್ನು ಹಾರಿ ಬಂದು ಪಟಾಕಿ ಎಂಬ ಅಡ್ಡಹೆಸರಿನ ಹುಡುಗಿಯ ಬೂಟಿನ ಮುಂದೆ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಒಂದು ಟ್ರೇ ತುಂಬ ಬ್ರೆಡ್ಡು ದಬದಬನೆ ಚರಂಡಿಗೆ ಬಿತ್ತು.

“ಯಾರೂ ಮುಟ್ಬೇಡಿ! ವಿಷ ಹಾಕಿದ್ದಾರೆ!”

ಬೇಕರಿಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದವನು ಅವಳ ಚಿಕ್ಕಪ್ಪ. ಮೈಯೆಲ್ಲ ಹಿಟ್ಟು, ಕಾಲಲ್ಲಿ ಒಂದೇ ಚಪ್ಪಲಿ. ಆ ಬ್ರೆಡ್ಡಿನ ಹಿಟ್ಟು ನಾದಿದವನೂ ಅವನೇ, ಬೇಯಿಸಿದವನೂ ಅವನೇ.

ಸ್ಕೂಲಿಗೆ ಹೊರಟಿದ್ದ ಮಕ್ಕಳೆಲ್ಲ ನಿಂತು ನಗತೊಡಗಿದರು. “ಏ ಪಟಾಕಿ, ನಿಮ್ ಚಿಕ್ಕಪ್ಪ ಅಲ್ವೇನೇ?” ಎಂದ ಅವಳ ಕ್ಲಾಸಿನ ಗುಂಡ.

“ಯಾವ ಚಿಕ್ಕಪ್ಪ? ನಂಗೆ ಗೊತ್ತೇ ಇಲ್ಲ,” ಎಂದು ಮೂತಿ ತಿರುಗಿಸಿಕೊಂಡು ಅವಳು ನಡೆದೇಬಿಟ್ಟಳು.

ಸಂಜೆ ಮನೆಗೆ ಬಂದರೆ ಬೀದಿಯವರೆಲ್ಲ ತುಂಬಿಕೊಂಡು ಕೂರಲು ಜಾಗವಿಲ್ಲ. ಆ ಬೀದಿಯಲ್ಲಿ ಎಲ್ಲರೂ ಡಾಕ್ಟರರೇ. ಓದಿ ಪಾಸಾದವರು ಮಾತ್ರ ಒಬ್ಬರೂ ಇರಲಿಲ್ಲ.

“ಒಂದು ಮದುವೆ ಮಾಡಿ, ತಾನಾಗೇ ಸರಿಹೋಗ್ತಾನೆ,” ಎಂದ ಎದುರುಮನೆ ದರ್ಜಿ. ಅವನ ಹೆಂಡತಿ ಅವನ ಜೊತೆ ಮಾತು ಬಿಟ್ಟಿರುವುದು ಬೀದಿಗೆಲ್ಲ ಗೊತ್ತಿತ್ತು.

“ಎರಡು ಬಿಗಿದ್ರೆ ನೆಟ್ಟಗಾಗ್ತಾನೆ. ಧೈರ್ಯ ಇಲ್ಲ, ಅಷ್ಟೇ!” ಎಂದಳು ಅಪ್ಪನ ಅಕ್ಕ ದೊಡ್ಡತ್ತೆ. ಈ ಧೈರ್ಯಶಾಲಿ ಜಿರಳೆ ಕಂಡರೆ ಕುರ್ಚಿಯ ಮೇಲೆ ಹತ್ತಿ ನಿಲ್ಲುವವಳು.

“ಕೆಲಸ ತಪ್ಪಿಸ್ಕೊಳ್ಳೋ ನಾಟಕ ರೀ ಇದು,” ಎಂದ ಬೇಕರಿ ಮಾಲೀಕ. ಅವನು ಜನ್ಮದಲ್ಲಿ ಒಂದು ಹಿಟ್ಟಿನ ಮೂಟೆ ಎತ್ತಿದವನಲ್ಲ.

ಇಷ್ಟು ವೈದ್ಯ ಮಾಡಿ, ಅಮ್ಮ ಕೊಟ್ಟ ಟೀ ಕುಡಿದು, ಬ್ರೆಡ್ಡು ಎಸೆದ ವಿಡಿಯೋ ಒಬ್ಬರಿಗೊಬ್ಬರು ಕಳಿಸಿಕೊಂಡು ಎಲ್ಲರೂ ಎದ್ದುಹೋದರು.

ಪಟಾಕಿಗೆ ಅವರ ಮೇಲೂ ಸಿಟ್ಟು, ಚಿಕ್ಕಪ್ಪನ ಮೇಲೂ ಸಿಟ್ಟು. ಅವನ ಕೋಣೆಯ ಬಾಗಿಲು ತಳ್ಳಿದಳು. ಅವನು ಬೀರುವಿನ ಪಕ್ಕದ ಸಂದಿಯಲ್ಲಿ ಮುದುರಿ ಕೂತಿದ್ದ.

“ಸಾಕು ನಿಲ್ಸು ನಿನ್ನ ನಾಟಕ! ಸ್ಕೂಲಲ್ಲಿ ನನ್ನ ಮರ್ಯಾದೆ ಮೂರು ಕಾಸಿಗೆ ಹೋಯ್ತು.”

ಅವನು ಬೈಯಲಿಲ್ಲ. ಅವಳ ಮುಖವನ್ನೇ ನೋಡಿದ. “ನೀನು ತಿನ್ಲಿಲ್ಲ ತಾನೆ?” ಎಂದ.

ಇದೂ ಒಂದು ತಮಾಷೆಯೇ! ಬಾಗಿಲು ಧಡಾರನೆ ಹಾಕಿ ಅವಳು ಹೊರಬಂದಳು.

ಹೊರಗೆ ಅಮ್ಮ ಲೋಟ ತೊಳೆಯುತ್ತ, “ಜ್ವರ ಬಂದ್ರೆ ಆಸ್ಪತ್ರೆಗೆ ಹೋಗಲ್ವಾ? ನಾಳೆ ಇದಕ್ಕೂ ಹೋಗೋಣ,” ಎನ್ನುತ್ತಿದ್ದಳು.

“ಜನ ಏನಂತಾರೆ?” ಎಂದ ಅಪ್ಪ.

“ಅನ್ನೋದೆಲ್ಲ ಅಂದಾಯ್ತಲ್ಲ, ನಮ್ಮನೆ ಟೀ ಕುಡ್ಕೊಂಡೇ! ಇನ್ನೇನು ಬಾಕಿ ಇದೆ?”

ಚಿಕ್ಕಪ್ಪ ಮಾತ್ರ ಒಂದೇ ಹಟ ಹಿಡಿದ. “ಪಟಾಕಿ ಬಂದ್ರೆ ಬರ್ತೀನಿ. ಅವಳನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ.” ಹೀಗಾಗಿ ಅವಳು ಸ್ಕೂಲು ತಪ್ಪಿಸಿ, ಮುಖ ಊದಿಸಿಕೊಂಡು ಹೋಗಬೇಕಾಯಿತು.

ಮನೋರೋಗದ ಡಾಕ್ಟರಮ್ಮ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ಚಿಕ್ಕಪ್ಪ ಹೇಳಿದ್ದಕ್ಕೆ ಅವರು ನಗಲಿಲ್ಲ.

“ವಿಷ ಇದೆ ಅಂತ ನಿಮಗೆ ಯಾರು ಹೇಳಿದ್ರು?”

“ಹೇಳ್ತಾನೇ ಇರ್ತಾರೆ ಮೇಡಂ. ಗೋಡೆ ಆಚೆಯಿಂದ. ಕಿವಿ ಮುಚ್ಚಿದ್ರೂ ಬಿಡಲ್ಲ.”

“ಅದಕ್ಕೇ ಎಸೆದ್ರಾ?”

“ಮತ್ತಿನ್ನೇನು ಮಾಡ್ಲಿ? ಆ ಬನ್ನು ಇವಳ ಸ್ಕೂಲಿಗೆ ಹೋಗುತ್ತೆ.” ಅವನು ಪಟಾಕಿಯ ಕಡೆ ಕೈ ತೋರಿಸಿದ. “ಇವಳು ತಿಂತಾಳೆ ಮೇಡಂ.”

ಸ್ಟೂಲಿನ ಮೇಲೆ ಕಾಲಾಡಿಸುತ್ತಿದ್ದ ಪಟಾಕಿ ಕಾಲು ನಿಲ್ಲಿಸಿದಳು.

“ಡಾಕ್ಟ್ರೇ, ಅದ್ರಲ್ಲಿ ವಿಷ ಇರ್ಲಿಲ್ಲ ತಾನೆ?” ಅವಳ ದನಿ ಅವಳಿಗೇ ಕೇಳದಷ್ಟು ಸಣ್ಣದಾಗಿತ್ತು.

“ಇರ್ಲಿಲ್ಲ ಪುಟ್ಟಿ. ಆದ್ರೆ ಇವರಿಗೆ ಆದ ಭಯ ಸುಳ್ಳಲ್ಲ. ಮೆದುಳಿಗೆ ಕಾಯಿಲೆ ಬಂದಾಗ ಇಲ್ಲದ ದನಿ ಕೇಳಬಹುದು. ನಾನೀಗ ಮಾತಾಡ್ತಿರೋದು ನಿಂಗೆ ಕೇಳ್ತಿದೆಯಲ್ಲ, ಹಾಗೇ ಕೇಳುತ್ತೆ. ಇದಕ್ಕೆ ಔಷಧಿ ಇದೆ. ನಿಧಾನ ಆಗುತ್ತೆ. ಮಧ್ಯದಲ್ಲಿ ಬಿಡಬಾರದು, ಅಷ್ಟೇ.”

ನಿಧಾನ ಎಂದರೆ ನಿಜವಾಗಿಯೂ ನಿಧಾನ. ಚಿಕ್ಕಪ್ಪ ಕೆಲವು ವಾರ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಮೇಲೆ ಹಿಟ್ಟಿನ ಮೂಟೆಯ ಹಾಗೆ ಬಿದ್ದುಕೊಂಡು ನಿದ್ದೆ ಮಾಡಿದ. ಮಾತ್ರೆಯ ದೆಸೆಯಿಂದ ಕೈ ನಡುಗಿ ಲೋಟ ಬೀಳಿಸಿದ. ಡಾಕ್ಟರಮ್ಮ ಮಾತ್ರೆ ಬದಲಿಸಿದರು. ಇಂಥ ಕಾಯಿಲೆಯವರ ಮನೆಯವರೆಲ್ಲ ಆಸ್ಪತ್ರೆಯ ಒಂದು ಕೋಣೆಯಲ್ಲಿ ಸೇರಿ ಮಾತಾಡುತ್ತಿದ್ದರು. ಅಪ್ಪ ಮೊದಮೊದಲು ಅಲ್ಲಿ ಕೈಕಟ್ಟಿ ಬಾಯಿಮುಚ್ಚಿ ಕೂತಿದ್ದ. ಒಂದು ಸಲ ಮಾತ್ರ ಬಾಯಿಬಿಟ್ಟು, “ನನ್ನ ತಮ್ಮ” ಎಂದು ಶುರುಮಾಡಿದವನು ಮುಂದೆ ಹೇಳಲಾಗದೆ ಅತ್ತುಬಿಟ್ಟನಂತೆ.

ಬೇಕರಿ ಮಾಲೀಕ ಚಿಕ್ಕಪ್ಪನನ್ನು ಮತ್ತೆ ಕೆಲಸಕ್ಕೆ ಕರೆಯಲು ಮನೆಗೆ ಬಂದ. ಕರುಣೆಯಿಂದೇನಲ್ಲ. ಬದಲಿಗೆ ಬಂದ ಹೊಸಬ ಮಾಡಿದ ಬ್ರೆಡ್ಡಿನಲ್ಲಿ ಗೋಡೆ ಕಟ್ಟಬಹುದು ಎಂದು ಗಿರಾಕಿಗಳು ಬೈಯುತ್ತಿದ್ದರು. ಚಿಕ್ಕಪ್ಪ ಅರ್ಧ ದಿನದ ಕೆಲಸಕ್ಕೆ ಹೋಗತೊಡಗಿದ.

“ನಾನು ಅವತ್ತೇ ಹೇಳಿರ್ಲಿಲ್ವಾ, ಆಸ್ಪತ್ರೆಗೆ ತೋರ್ಸಿ ಅಂತ?” ಎಂದು ದರ್ಜಿ ಬೀದಿಯಲ್ಲಿ ಎದೆಯುಬ್ಬಿಸಿದ.

“ಮದುವೆ ಮಾಡಿ ಅಂದಿದ್ರಿ ಅಂಕಲ್,” ಎಂದಳು ಪಟಾಕಿ. ದರ್ಜಿಗೆ ಥಟ್ಟನೆ ಏನೋ ಕೆಲಸ ನೆನಪಾಯಿತು.

ಒಂದು ರಜೆಯ ದಿನ ಅವಳು ಬೇಕರಿಯ ಒಳಕೋಣೆಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಹಿಟ್ಟು ನಾದುತ್ತಿದ್ದ ಚಿಕ್ಕಪ್ಪನ ಕೈ ಇದ್ದಕ್ಕಿದ್ದಂತೆ ನಿಂತಿತು. ಅವನು ಹಿಂಬಾಗಿಲ ಕಡೆ ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

“ಪಟಾಕಿ, ಈಗ ಯಾರಾದ್ರೂ ಏನಾದ್ರೂ ಅಂದ್ರಾ?”

ಅವಳ ನಾಲಿಗೆಯ ತುದಿಯಲ್ಲಿ ಯಾವಾಗಲೂ ಒಂದು ಕೊಂಕು ಮಾತು ಸಿದ್ಧವಾಗಿರುತ್ತಿತ್ತು. ಈಗ ಅದು ಬರಲಿಲ್ಲ. ಅವಳು ಪೆನ್ಸಿಲ್ ಕೆಳಗಿಟ್ಟು, ಉಸಿರು ಬಿಗಿಹಿಡಿದು, ನಿಜವಾಗಿ ಕಿವಿಗೊಟ್ಟು ಕೇಳಿದಳು.

“ಇಲ್ಲ ಚಿಕ್ಕಪ್ಪ. ಓವನ್ ಸದ್ದು ಇದೆ. ಹೊರಗೆ ಒಂದು ಸೈಕಲ್ ಹೋಯ್ತು.”

“ಅಷ್ಟೇನಾ?”

“ಅಷ್ಟೇ.”

ಅವನು ತಲೆಯಾಡಿಸಿದ. ಮತ್ತೆ ನಾದತೊಡಗಿದ.

ಪಟಾಕಿ ತನ್ನ ಸ್ಟೂಲನ್ನು ಮೇಜಿನ ಈಚೆಗೆ ಎಳೆದುಕೊಂಡು ಕೂತಳು. ಅವನು ತಲೆಯೆತ್ತಿದರೆ ಕಾಣುವ ಹಾಗೆ.