ವ್ಯಾನಿಗೆ ತಾಗದ ಕೈ

ಮಂಗಳವಾರ ಬೆಳಿಗ್ಗೆ ಕೊರಿಯಾದ ಗುನ್ಸಾನ್ ಬಂದರಿನ ಪೊಲೀಸ್ ಠಾಣೆಗೆ ಬಂದ ಹೆಂಗಸು ಕೂರು ಅಂದರೂ ಕೂರಲಿಲ್ಲ. ಹೆಸರು ಮೊಕ್ ಗುಮ್‌ಜಾ. ವಯಸ್ಸು ಅರವತ್ತು ದಾಟಿತ್ತು. ಅಕ್ಕಿ ಕಡುಬು ಮಾಡಿ ವ್ಯಾನಿನಲ್ಲಿ ಅಂಗಡಿಗಳಿಗೆ ಹಾಕುವುದು ಅವಳ ಕಸುಬು. ಹಿಂದಿನ ವಾರ ಮೀನು ಮಾರುಕಟ್ಟೆಯ ಗಲ್ಲಿಯಲ್ಲಿ ಬಾಂಗ್ ಟೇಹೋ ಎಂಬ ಪಾದಚಾರಿಗೆ ಗುದ್ದಿ, ಅವನ ಬಲಗೈ ಮುರಿದಳೆಂದು ಇದೇ ಠಾಣೆಯಲ್ಲಿ ಅವಳ ಮೇಲೆ ಪ್ರಕರಣ ದಾಖಲಾಗಿತ್ತು.

"ನಾನು ಗುದ್ದಿಲ್ಲ ಸಾರ್. ದೂರು ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ತಾಕ್ ಸಾಂಗ್‌ಗ್ಯು ತಲೆ ಎತ್ತಿದರು. "ಅವತ್ತು ತಪ್ಪು ಒಪ್ಕೊಂಡಿದ್ರಲ್ಲ?"

"ಒಬ್ಬ ಮನುಷ್ಯ ಗಾಡಿ ಮುಂದೆ ಬಿದ್ದು ಕೈ ಹಿಡ್ಕೊಂಡು ಒದ್ದಾಡ್ತಿದ್ರೆ ಏನಂತೀರಿ? ನಡುಗಿ ಹೂಂ ಅಂದುಬಿಟ್ಟೆ. ಮನೇಗೆ ಹೋಗಿ ಯೋಚನೆ ಮಾಡಿದೆ. ಪಕ್ಕದ ಸೀಟಲ್ಲಿ ಕಡುಬಿನ ತಟ್ಟೆ ಇತ್ತು, ಒಂದು ಕಡುಬೂ ಉರುಳಿರ್ಲಿಲ್ಲ."

"ಪರಿಹಾರ ವಿಮೆಯವರು ಕೊಡ್ತಾರೆ. ನಿಮಗೇನು ಕಷ್ಟ?"

"ದುಡ್ಡು ಅವರು ಕೊಡ್ತಾರೆ. ಮನುಷ್ಯನ ಕೈ ಮುರಿದೋಳು ಅನ್ನೋ ಹೆಸರು ನಾನು ತಾನೇ ಹೊರಬೇಕು?"

"ಆದ್ರೆ ಅಮ್ಮ, ಕೈ ನಿಜವಾಗ್ಲೂ ಮುರಿದಿದೆ."

"ಅದೇ ಸಾರ್ ನಂಗೂ ಬಿಡಿಸೋಕಾಗದ ಒಗಟು. ಅದನ್ನ ಕೇಳೋಕೇ ಬಂದೆ."

ತಾಕ್ ದೂರು ಬರೆಸಿಕೊಂಡರು. ಅಪಘಾತ ನಿಜ, ನೋವು ಸುಳ್ಳು ಎಂಬ ಪ್ರಕರಣಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ಕತ್ತಿಗೆ ಪಟ್ಟಿ ಕಟ್ಟಿಕೊಂಡು ಬಂದವರು ಪರಿಹಾರ ಕೈಗೆ ಬಂದ ಮರುದಿನವೇ ಬೆಟ್ಟ ಹತ್ತಿದ್ದೂ ಉಂಟು. ನೋವು ನಿಜವಾಗಿದ್ದು ಅಪಘಾತವೇ ಸುಳ್ಳು ಎನ್ನುವುದು ಹೊಸದು. ಅವರಿಗೆ ಕುತೂಹಲ ಹುಟ್ಟಿತು.

ಅಂದೇ ಕಾನ್‌ಸ್ಟೇಬಲ್ ಪ್ಯೋ ನಾರೇಯನ್ನು ಕರೆದುಕೊಂಡು ಗಲ್ಲಿಗೆ ಹೋಗಿ ಹೊಸದಾಗಿ ಸ್ಥಳ ಪಂಚನಾಮೆ ಮಾಡಿದರು. ಗುಮ್‌ಜಾಳ ವ್ಯಾನಿನ ಕ್ಯಾಮೆರಾ ಎಂದೋ ಕೆಟ್ಟಿತ್ತು. ಹತ್ತಿರ ನಿಲ್ಲಿಸಿದ್ದ ಲಾರಿಯ ಕ್ಯಾಮೆರಾದಲ್ಲಿ ವ್ಯಾನಿನ ಬೆನ್ನು ಮಾತ್ರ ಕಾಣುತ್ತಿತ್ತು. ವ್ಯಾನಿನ ಮೂತಿಯ ಮೇಲೆ ಹೊಸ ತಗ್ಗಿಲ್ಲ, ಗೀರಿಲ್ಲ.

"ತಾಗಿಲ್ಲ ಅನ್ನೋಕೆ ಇಷ್ಟು ಸಾಲುತ್ತಾ ಸಾರ್?" ಪ್ಯೋ ಕೇಳಿದಳು.

"ಸಾಲಲ್ಲ. ನಡಿ, ಮೂಳೆಯನ್ನೇ ಕೇಳೋಣ."

ಟೇಹೋ ಮಲಗಿದ್ದ ಆಸ್ಪತ್ರೆಯ ವೈದ್ಯರು ಅವನ ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು.

"ಅಪಘಾತ ಅಂದ್ರು, ಮುರಿದಿತ್ತು, ಕಟ್ಟಿದ್ವಿ. ಯಾವಾಗ ಮುರೀತು ಅಂತ ಯಾರೂ ಕೇಳ್ಲಿಲ್ಲ. ಈಗ ನೋಡಿ, ಅಂಚು ಮಸುಕಾಗಿದೆ, ಹೊಸ ಮೂಳೆ ಕೂಡ್ತಾ ಇದೆ. ಗಾಡಿ ಮುಂದೆ ಬೀಳೋಕೆ ಎರಡು ಮೂರು ವಾರ ಮೊದಲೇ ಮುರಿದಿದೆ. ಅದೂ ಸೊಟ್ಟಗೆ ಕೂಡ್ತಿದೆ. ಆಪರೇಷನ್ ಆಗ್ದಿದ್ರೆ ಆ ಕೈ ಕೆಲಸಕ್ಕೆ ಬರಲ್ಲ."

ಬಾಂಗ್ ಟೇಹೋನ ಕೆಲಸ ಹಳೇ ಪೇಟೆಯ ಸಾರ್ವಜನಿಕ ಸ್ನಾನದ ಮನೆಯಲ್ಲಿ, ಗಂಡಸರ ಕಡೆ ಮೈ ಉಜ್ಜುವುದು. ಮರುದಿನ ಮಧ್ಯಾಹ್ನ ತಾಕ್ ಟಿಕೆಟ್ ಕೊಂಡು, ಸಮವಸ್ತ್ರ ಕಳಚಿಟ್ಟು, ಬಿಸಿನೀರಿನ ಕೊಳಕ್ಕೆ ಇಳಿದರು. ಎದುರಿಗೆ ಕತ್ತಿನವರೆಗೆ ಮುಳುಗಿದ್ದ ಮುದುಕ ಹಳೆಯ ಗಿರಾಕಿಯಂತೆ ಕಂಡ.

"ಮೈ ಉಜ್ಜೋರು ಇಲ್ವಾ ಅಜ್ಜ?"

"ಟೇಹೋನಾ? ಆಸ್ಪತ್ರೇಲಿದ್ದಾನೆ, ಗಾಡಿ ಗುದ್ತಂತೆ. ಇದ್ದಾಗ್ಲೂ ಅಷ್ಟಕ್ಕಷ್ಟೇ ಆಗಿತ್ತು ಬಿಡಪ್ಪ. ಬಲಗೈ ಉಳುಕಿದೆ ಅಂತ ಎಡಗೈಲೇ ಉಜ್ಜೋನು. ನನ್ನ ಅರ್ಧ ಬೆನ್ನು ಹೋದ ತಿಂಗಳ ಕೊಳೆ ಹೊತ್ಕೊಂಡೇ ಇದೆ, ನೋಡು ಬೇಕಾದ್ರೆ."

"ಉಳುಕಿದ್ದು ಹೆಂಗೆ?"

"ಅದೋ, ತಣ್ಣೀರು ತೊಟ್ಟಿ ಹತ್ರ ಜಾರಿದ. ನನ್ನ ಕಣ್ಣೆದುರೇ. ಟಪ್ ಅಂತ ಸದ್ದು ಬಂತು. ಅಯ್ಯೋ ಅಂತ ಎದ್ದೆ, ಗಲ್ಲಾದಲ್ಲಿರೋ ಅಮ್ಮನಿಗೆ ಹೇಳ್ಬೇಡಿ ಅಂದ."

ಹೊರಗೆ ಗಲ್ಲಾದಲ್ಲಿ ಕೂತಿದ್ದ ಒಡತಿ ಸೊಕ್ ಮಲ್‌ಸುನ್ ಎಂಬತ್ತರ ಮುದುಕಿ. ಪ್ಯೋಗೆ ಬೇಯಿಸಿದ ಮೊಟ್ಟೆ ಸುಲಿದು ಕೊಡುತ್ತಾ, "ಉಳುಕು ಅಂದ, ನೋವಿನ ಪಟ್ಟಿ ತಂದುಕೊಟ್ಟೆ. ಪಾಪ, ಅದೇ ಕೈಗೆ ಗಾಡೀನೂ ಬಡೀಬೇಕಾ?" ಎಂದಳಂತೆ. ಅವಳಿಗೆ ಏನೂ ತಿಳಿದಿಲ್ಲವೆಂದು ಪ್ಯೋ ವರದಿ ಮಾಡಿದಳು.

ಸಂಜೆ ಇಬ್ಬರೂ ವಾರ್ಡಿಗೆ ಹೋದರು. ಐವತ್ತು ದಾಟಿದ, ಅಗಲ ಭುಜದ ಟೇಹೋ ಎಡಗೈಯಲ್ಲಿ ಕಿತ್ತಳೆ ಸುಲಿಯಲು ಹೆಣಗುತ್ತಿದ್ದ.

"ತಣ್ಣೀರು ತೊಟ್ಟಿ ಹತ್ರ ನೆಲ ತುಂಬ ಜಾರುತ್ತೆ," ತಾಕ್ ಹೇಳಿದರು. "ನಾನೂ ಬೀಳ್ತಿದ್ದೆ. ಈಗಷ್ಟೇ ಅಲ್ಲಿಂದ ಬಂದೆ."

ಟೇಹೋ ಹಣ್ಣನ್ನು ಕೆಳಗಿಟ್ಟ.

"ಅಮ್ಮನಿಗೆ ಗೊತ್ತಾಯ್ತಾ ಸಾರ್?"

"ಇನ್ನೂ ಇಲ್ಲ. ಕೆಲಸದಲ್ಲಿ ಬಿದ್ದಿದ್ದಕ್ಕೆ ಅಲ್ಲೇ ಆಪರೇಷನ್ ಖರ್ಚು, ಪರಿಹಾರ ಕೇಳ್ಬಹುದಿತ್ತು. ಅದು ನಿನ್ನ ಹಕ್ಕು."

"ಕೇಳ್ಬಹುದಿತ್ತು. ಇಲಾಖೆಯವರು ಪರಿಶೀಲನೆಗೆ ಬರ್ತಿದ್ರು. ಆ ನೆಲ, ಆ ಬಾಯ್ಲರ್ ನೋಡಿದ್ರೆ ಅವತ್ತೇ ಬೀಗ."

"ಬೀಗ ಬಿದ್ರೆ ನೀನು ಬೇರೆ ಕಡೆ ಕೆಲಸ ಹುಡುಕ್ತಿದ್ದೆ."

"ನಾನು ಹುಡುಕ್ತಿದ್ದೆ. ಅವರು?" ಟೇಹೋ ಕಿಟಕಿಯ ಕಡೆ ತಿರುಗಿದ. "ನನ್ನ ಹೆಂಡ್ತಿಗೆ ಲಕ್ವ ಹೊಡೀತು. ಹಾಸಿಗೇಲಿ ಮೈ ಹುಣ್ಣಾಗ್ತಿತ್ತು. ಅಮ್ಮ ರಜೆ ದಿನ ಹೆಂಗಸರ ಕಡೆ ನೀರು ಕಾಯಿಸಿ, ತಾವೇ ಎತ್ತಿ ಕೂರಿಸಿ ಸ್ನಾನ ಮಾಡ್ಸೋರು. ಅವಳು ಸಾಯೋವರೆಗೂ. ತಲೆ ಬಾಚಿ ಕಳಿಸೋರು ಸಾರ್."

ಪ್ಯೋ ಬರೆಯುವುದನ್ನು ನಿಲ್ಲಿಸಿದ್ದಳು. ತಾಕ್ ಅವಳತ್ತ ನೋಡಿದ ಮೇಲೆ ಮುಂದುವರಿಸಿದಳು.

"ಅಷ್ಟು ಗಾಡಿ ಓಡಾಡೋ ಊರಲ್ಲಿ ಆ ಹೆಂಗಸಿನ ವ್ಯಾನೇ ಯಾಕೆ?" ತಾಕ್ ಕೇಳಿದರು.

ಟೇಹೋ ಉತ್ತರ ಹೇಳಿದ. ಹೇಳಿಕೆಗೆ ಎಡಗೈ ಹೆಬ್ಬೆಟ್ಟು ಒತ್ತಿದ. ವಿಮೆ ವಂಚನೆಯ ಆರೋಪದ ಮೇಲೆ ಅವನನ್ನು ಬಂಧಿಸಿದರು. ಆಪರೇಷನ್ ಮುಗಿಯುವವರೆಗೆ ವಾರ್ಡಿಗೆ ಕಾವಲು ಹಾಕಿದರು. ಪರಿಹಾರದ ಅರ್ಜಿ ಅಲ್ಲಿಗೇ ನಿಂತಿತು.

ಮರುದಿನ ಗುಮ್‌ಜಾಳನ್ನು ಕರೆಸಿ, ಅವಳ ಮೇಲಿನ ಪ್ರಕರಣ ವಜಾ ಆಗುವುದೆಂದು ತಾಕ್ ತಿಳಿಸಿದರು. ಸ್ನಾನ ಮಾಡಿಸಿದ ಒಡತಿಯ ವಿಷಯವನ್ನೂ ಹೇಳಿದರು. ಅವಳು ಈ ಸಲ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದಳು.

"ಆ ಅಮ್ಮನಿಗೆ ಕೆಟ್ಟದಾಗ್ಬಾರ್ದು ಅಂತ ನನ್ನ ತಲೆ ಮೇಲೆ ಹಾಕಿದ್ನಾ? ನಾನೇನು ದಾರೀಲಿ ಬಿದ್ದಿರೋ ಕಲ್ಲಾ?"

ತಾಕ್ ಫೈಲು ಮುಚ್ಚಿ ಪಕ್ಕಕ್ಕಿಟ್ಟರು.

"ಹೋಗ್ಲಿ, ನನ್ನ ಗಾಡೀನೇ ಯಾಕೆ ಅಂತ ಕೇಳಿದ್ರಾ?"

"ಕೇಳಿದೆ. ಆ ಗಲ್ಲೀಲಿ ಜನ ಕಂಡ್ರೆ ಗಾಡಿ ನಿಲ್ಲಿಸೋರು ನೀವೊಬ್ಬರೇ ಅಂತೆ. ನಿಮ್ಮ ಮುಂದೆ ಬಿದ್ರೆ ಪೆಟ್ಟಾಗಲ್ಲ ಅಂತ ಅವನಿಗೆ ಖಾತ್ರಿ ಇತ್ತು."

ಗುಮ್‌ಜಾ ಕೀಲಿಕೈ ಗೊಂಚಲನ್ನು ಹಿಡಿದುಕೊಂಡು ಎದ್ದು ನಿಂತಳು. ಬಾಗಿಲವರೆಗೆ ಹೋದವಳು ತಿರುಗಿದಳು.

"ಇನ್ಮೇಲೆ ನಾನು ಹೆಂಗೆ ಓಡಿಸ್ಲಿ ಸಾರ್?"