ಇನ್ನೂರ ಹನ್ನೊಂದನೆಯ ದಿನ

ಗಡಿಯಾರ ರಿಪೇರಿ ಮಾಡುವ ನನ್ನ ಗೆಳೆಯನೂ ನಾನೂ ಕಂಪ್ಯೂಟರ್ ಆಟದಲ್ಲಿ ಒಂದೇ ಊರು ಕಟ್ಟುತ್ತಿದ್ದೆವು. ಆಟದ ಒಂದು ದಿನ ನಾನು ಆಡಿ, ಸೇವ್ ಮಾಡಿದ ಫೈಲನ್ನು ಅವನಿಗೆ ಇಮೇಲ್ ಮಾಡುವುದು; ಮುಂದಿನ ದಿನ ಅವನು ಆಡಿ ನನಗೆ ಕಳಿಸುವುದು. ಕಳಿಸುವ ಮುಂಚೆ ಅವನು ತಾನು ಕಟ್ಟಿದ ಮನೆಯ ದೀಪಗಳನ್ನೆಲ್ಲ ತಪ್ಪದೆ ಆರಿಸುತ್ತಿದ್ದ. ನಾನು ಮರೆತರೆ, "ಎಣ್ಣೆ ನಿಮ್ಮಪ್ಪ ತಂದ್ಕೊಡ್ತಾನೇನೋ?" ಎಂದು ಬರೆಯುತ್ತಿದ್ದ. ಇಲ್ಲದ ಎಣ್ಣೆಗೆ ಇಷ್ಟು ಮರುಗುವ ಬೇರೊಬ್ಬನನ್ನು ನಾನು ಕಂಡಿಲ್ಲ.

ಅವನು ತೀರಿಕೊಂಡ ತಿಂಗಳಿಗೆ ಅವನ ಹೆಂಡತಿ ಫೋನ್ ಮಾಡಿದರು. "ಅವರು ಕಟ್ಟಿದ ಮನೆ ಒಂದ್ಸಲ ನೋಡ್ಬೇಕಣ್ಣಾ. ನನಗೆ ಯಾವತ್ತೂ ತೋರಿಸ್ಲೇ ಇಲ್ಲ."

ನನ್ನ ಸರದಿ ಬಾಕಿಯಿತ್ತು. ಇನ್ನೂರ ಹನ್ನೊಂದನೆಯ ದಿನವನ್ನು ಆಡಿ, ಆಕೆಗೆ ಚೆನ್ನಾಗಿ ಕಾಣಲೆಂದು ದೀಪಗಳನ್ನೆಲ್ಲ ಹಚ್ಚಿ, ಅವನ ವಿಳಾಸಕ್ಕೇ ಕಳಿಸಿದೆ. ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ತಿಂಗಳಿಂದ ಯಾರೂ ಮುಟ್ಟಿಲ್ಲವೆಂದು ಆಕೆ ಹೇಳಿದ ಅವನ ಕಂಪ್ಯೂಟರಿನ ಮೌಸು ಅಂಗೈಯಷ್ಟು ಬೆಚ್ಚಗಿತ್ತು. ಫೈಲು ತೆರೆದೆ.

ಮನೆ ಕತ್ತಲಾಗಿತ್ತು. ಪರದೆಯ ಮೂಲೆಯಲ್ಲಿ ದಿನ ಇನ್ನೂರ ಹನ್ನೆರಡು ಮುಗಿದಿತ್ತು.

"ಅವರ ಹಾಗೇ ದೀಪ ಆರಿಸಿ ಕಳಿಸಿದೀರಿ," ಎಂದು ಆಕೆ ಕಣ್ಣೊರೆಸಿಕೊಂಡು ನಕ್ಕರು. "ಇಲ್ಲೂ ಅಷ್ಟೇ, ನನ್ನ ಬೆನ್ನಿಗೇ ಬಂದು ಆರಿಸೋರು."

ಹೌದಮ್ಮ ಎಂದೆ. ನನ್ನಲ್ಲಿರುವ ಪ್ರತಿಯಲ್ಲಿ ದೀಪಗಳು ಇಂದಿಗೂ ಉರಿಯುತ್ತಿವೆ. ಆಕೆಯ ಬಳಿಯಿರುವ ಪ್ರತಿಯ ಪ್ರಕಾರ ಈಗ ಸರದಿ ನನ್ನದು.