ಬಾಯಿ ಮುಚ್ಚಿದ ಮೇಲೆ ಬಂದ ಮಾತು

"ಈ ಡಿವಿಡೀಲಿ ನಮ್ಮಮ್ಮ ಮಾತಾಡ್ತಾಳೆ, ಬರೋದು ಮಾತ್ರ ಸಿನಿಮಾ ಹಾಡು. ನಮ್ಮಮ್ಮನ್ ದನಿ ಏನ್ ಮಾಡಿದ್ರಿ?"

ಉಮಾಶಂಕರ ಕಂಪ್ಯೂಟರಿನಿಂದ ತಲೆಯೆತ್ತಿದ. ದೇವನಹಳ್ಳಿಯ ಹಳೇ ಬಸ್ ಸ್ಟ್ಯಾಂಡ್ ಎದುರಿಗಿದ್ದ ಅವನ ಪುಟ್ಟ ಸ್ಟುಡಿಯೋದ ಬಾಗಿಲಲ್ಲಿ ಅಕ್ಷತ ನಿಂತಿದ್ದಳು. ಎರಡು ವರ್ಷದ ಹಿಂದೆ, ಏರ್‌ಪೋರ್ಟ್ ಶುರುವಾದ ವರ್ಷ, ಅವಳ ಅಕ್ಕನ ಮದುವೆಗೆ ವಿಡಿಯೋ ತೆಗೆದವನು ಇವನೇ. ಅಂದಿನಿಂದ ಈ ಮುಖ ಒಂದು ದಿನವೂ ಮರೆತಿರಲಿಲ್ಲ. ಆದರೆ ಹೀಗೆ ದೂರು ಹೊತ್ತು ಬರುತ್ತದೆ ಅಂತ ಅವನು ಎಣಿಸಿರಲಿಲ್ಲ.

"ಮದ್ವೆ ವಿಡಿಯೋ ಅಂದ್ರೆ ಹಂಗೇ ಮೇಡಂ. ಗಲಾಟೆ ಎಲ್ಲಾ ತೆಗ್ದು ಹಾಡು ಹಾಕ್ತೀವಿ. ಜನಾನೇ ಹಂಗೆ ಕೇಳ್ತಾರೆ."

"ಸ್ವಲ್ಪ ಈ ಕಡೆ ತಿರುಗಿ ಹೇಳಿ. ನಿಮ್ಮ ಮೀಸೆ ಅರ್ಧ ಮಾತು ನುಂಗ್ತಿದೆ."

ಆಗಲೇ ಅವನು ಗಮನಿಸಿದ್ದು. ಅವಳು ಅವನ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದಳು. ಎಡಗಿವಿಯಲ್ಲಿ ಅವರೆಕಾಳಿನಷ್ಟು ಮಿಷಿನ್ನು. ಅವನಿಗೆ ಕಿವಿಯವರೆಗೂ ಬಿಸಿಯಾಯಿತು.

ಅವಳು ಹೇಳಬೇಕಾದದ್ದನ್ನು ಸುತ್ತಿ ಬಳಸದೆ ಹೇಳಿದಳು. ಚಿಕ್ಕಂದಿನ ಜ್ವರದಲ್ಲಿ ಬಲಗಿವಿ ಹೋಯಿತು. ಎಡಗಿವಿ ಈಗ ಹೋಗುತ್ತಿದೆ; ದೀಪಾವಳಿ ಹೊತ್ತಿಗೆ ಅದೂ ಪೂರ್ತಿ ಅಂತ ಬೆಂಗಳೂರಿನ ಡಾಕ್ಟ್ರು ಹೇಳಿಬಿಟ್ಟಿದ್ದಾರೆ. ಅಮ್ಮ ಗಂಗಲಕ್ಷ್ಮಮ್ಮ ಹೋದ ವರ್ಷ ಆಷಾಢದಲ್ಲಿ ಸೇವಂತಿಗೆ ಕುಕ್ಕೆ ಹೊತ್ತು ಹೈವೇ ದಾಟುವಾಗ ಕಾರು ಬಡಿದು ಸತ್ತಳು. ಮನೆಯಲ್ಲಿ ಅವಳ ದನಿ ಇರುವ ಒಂದು ಚೂರೂ ಇಲ್ಲ.

"ಕಿವಿ ಹೋದ್ಮೇಲೆ ಅಮ್ಮನ ತುಟಿ ನೋಡಿದ್ರೆ ದನಿ ತಾನಾಗೇ ನೆನಪಿಗೆ ಬರ್ಬೇಕು. ಅಷ್ಟು ಸಲ ಈಗ್ಲೇ ನೋಡಿ ಕೇಳಿಬಿಡ್ಬೇಕು. ಅದಕ್ಕೇ ಬಂದೆ."

ಉಮಾಶಂಕರ ಅವಳ ಕಡೆ ಪೂರ್ತಿ ತಿರುಗಿ ಕೂತ. "ನಾಳೆ ಬನ್ನಿ," ಎಂದ, ತುಟಿ ಚೆನ್ನಾಗಿ ಬಿಡಿಸಿ.

ವಿಡಿಯೋದವರ ಕಸುಬಿನಲ್ಲಿ ಟೇಪು ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಒಂದೇ ಟೇಪಿನ ಮೇಲೆ ಒಂದರಮೇಲೊಂದು ನಾಲ್ಕು ಮದುವೆ ಆಗುತ್ತವೆ. ಆದರೆ ಆ ಮದುವೆಯ ಒಂದು ಟೇಪನ್ನು ಮಾತ್ರ ಅವನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಬೀರುವಿನ ಮೇಲಿಟ್ಟಿದ್ದ. ಕಾರಣ ಹೇಳಲು ನಾಚಿಕೆ. ಆ ಟೇಪಿನ ತುಂಬ ಅಕ್ಷತ ಇದ್ದಳು: ಹೂ ಕಟ್ಟುತ್ತ, ಬೆವರೊರೆಸಿಕೊಳ್ಳುತ್ತ, ಯಾರೋ ಕರೆದದ್ದು ಕೇಳಿಸದೆ ಸುಮ್ಮನೆ ಮುಗುಳ್ನಗುತ್ತ.

ಇನ್ನೊಂದು ಕಾರಣವೂ ಇತ್ತು. ಧಾರೆ ಮುಗಿದ ಮೇಲೆ ಗಂಗಲಕ್ಷ್ಮಮ್ಮ ಸೀದಾ ಕ್ಯಾಮೆರಾ ಮುಂದೆ ಬಂದು ನಿಂತಿದ್ದಳು. "ಏನಪ್ಪಾ ವಿಡಿಯೋದವ್ನೇ, ಮದ್ವೆ ಹೆಣ್ಣು ಮಂಟಪದಾಗವ್ಳೆ, ನಿನ್ ಕ್ಯಾಮೆರಾ ಯಾಕೆ ನನ್ ಚಿಕ್ಕವಳ ಹಿಂದೇನೇ ಸುತ್ತುತೈತೆ?" ಆಮೇಲೂ ಏನೋ ಹೇಳಿದಳು, ಅಷ್ಟರಲ್ಲಿ ಛತ್ರದ ನೆತ್ತಿಯ ಮೇಲೇ ವಿಮಾನ ಹಾದುಹೋಗಿ ಒಂದಕ್ಷರವೂ ಕೇಳಿಸಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಉಮಾಶಂಕರ ಬೈದಳೆಂದೇ ತಿಳಿದು ಲೈಟ್ ಸ್ಟ್ಯಾಂಡಿನ ಹಿಂದೆ ಸರಿದ. ಎಡಿಟಿಂಗಿನಲ್ಲಿ ಆ ದೃಶ್ಯವನ್ನೇ ಕತ್ತರಿಸಿದ. ಡಿವಿಡಿ ಕೊಡಲು ತಾನು ಹೋಗದೆ ಬೇರೆಯವರ ಕೈಲಿ ಕಳಿಸಿದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಒಳ್ಳೆ ಗಂಡಸು!

ಮರುದಿನ ಅಕ್ಷತ ಬಂದವಳೇ ಅವನ ಮುಖ ನೋಡಿ ತುಟಿ ಕಚ್ಚಿಕೊಂಡಳು.

"ಮೀಸೆ ಎಲ್ಲಿ ಹೋಯ್ತು?"

"ಸಲೂನಲ್ಲಿ ಉಳೀತು."

"ಈಗ ಪೂರ್ತಿ ಕೇಳುತ್ತೆ," ಎಂದಳು. ಹೊಸದಾಗಿ ಬಯಲಾದ ಅವನ ಮೇಲ್ದುಟಿಯ ಮೇಲೆ ಅವಳ ನೋಟ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಆಮೇಲೆ ಬೇಗ ಸ್ಕ್ರೀನಿನ ಕಡೆ ತಿರುಗಿದಳು.

ಹಿಂದಿನ ಸಂಜೆ ಅವನು ಟೇಪನ್ನು ಕಂಪ್ಯೂಟರಿಗೆ ಇಳಿಸಿದ್ದ. ಪ್ಲೇ ಒತ್ತಿದ. ಆರತಿ ತಟ್ಟೆ ಹಿಡಿದ ಗಂಗಲಕ್ಷ್ಮಮ್ಮ ಏನೋ ಅಂದು ಬಾಯಿ ಮುಚ್ಚಿದಳು. ಮುಚ್ಚಿದ ಮೇಲೆ ದನಿ ಬಂತು: "ಅಕ್ಷತಾ, ಕರ್ಪೂರ ತಾರೆ."

ಅಕ್ಷತಳ ಮುಖ ಬಿಳುಚಿಕೊಂಡಿತು. ಸತ್ತವಳು ಬಾಯಿ ಮುಚ್ಚಿಕೊಂಡೇ ಮಗಳನ್ನು ಕರೆದಂತಿತ್ತು.

"ನಂಗೆ ಅರ್ಧ ಕಿವಿ, ಅರ್ಧ ಕಣ್ಣು. ಎರಡೂ ಒಟ್ಟಿಗೆ ಬರ್ದಿದ್ರೆ ಏನೂ ಅರ್ಥ ಆಗಲ್ಲ."

"ತಡೀರಿ, ದನೀನ ಮುಂದಕ್ಕೆ ತಳ್ಳೋಕೆ ಪ್ಲೇಯರಲ್ಲಿ ಕೀ ಇದೆ. ಒಂದ್ಸಲ ಒತ್ತಿದ್ರೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ ಸರಿಯುತ್ತೆ. ನೀವು ಕೈಯಲ್ಲಿ ಹೇಳಿ."

ಅವನು ಒತ್ತುತ್ತ ಹೋದ. ಅವಳು ತೋರುಬೆರಳು ಆಡಿಸಿದಳು: ಇನ್ನೂ, ಇನ್ನೂ, ಜಾಸ್ತಿ ಆಯ್ತು, ಒಂದು ಹಿಂದೆ. ಅವನಿಗೆ ಸರಿಹೋಯಿತು ಅನ್ನಿಸಿದಲ್ಲಿ ಅವಳಿಗೆ ಇನ್ನೂ ಸರಿಹೋಗಿರಲಿಲ್ಲ. ಹತ್ತು ವರ್ಷ ವಿಡಿಯೋ ಕೆಲಸ ಮಾಡಿದವನಿಗಿಂತ ಅವಳ ಕಣ್ಣು ಚುರುಕು. ಕೊನೆಗೆ ಅವಳ ಬೆರಳು ಗಾಳಿಯಲ್ಲಿ ನಿಂತಿತು.

"ಕರ್ಪೂರ ತಾರೆ," ಎಂದಳು ಗಂಗಲಕ್ಷ್ಮಮ್ಮ, ತನ್ನದೇ ತುಟಿಯಲ್ಲಿ.

ಅಕ್ಷತ ಅತ್ತಳು, ಅಳುತ್ತಲೇ ನಕ್ಕಳು, ಅವನ ಭುಜಕ್ಕೆ ಒಂದು ಏಟು ಕೊಟ್ಟಳು. ಆದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ದನಿ ಮತ್ತೆ ಹಿಂದೆ ಬಿತ್ತು. ಮತ್ತೆ ಒತ್ತಿದ, ಕೂಡಿತು, ಮತ್ತೆ ಜಾರಿತು. ಕ್ಯಾಮೆರಾ ಮುಂದಿನ ಆ ದೃಶ್ಯ ಬರುವ ಮುಂಚೆ ಉಮಾಶಂಕರ ತಾನೇ ನಿಲ್ಲಿಸಿಬಿಟ್ಟ.

"ಒಂದೇ ಸಮ ತಡ ಆಗಿದ್ರೆ ಕೀ ಒತ್ತಿ ಸರಿಮಾಡಬಹುದಿತ್ತು. ಇದು ಹೋಗ್ತಾ ಹೋಗ್ತಾ ಬೆಳೀತಿದೆ. ಇಳಿಸೋವಾಗ ನನ್ನ ಕಂಪ್ಯೂಟರ್ ಏದುಸಿರು ಬಿಟ್ಟು ಚಿತ್ರಗಳನ್ನ ಅಲ್ಲಲ್ಲಿ ಬಿಟ್ಬಿಟ್ಟಿದೆ, ದನಿ ಮಾತ್ರ ಪೂರ್ತಿ ಬಂದಿದೆ. ಅದಕ್ಕೇ ಚಿತ್ರ ಮುಂದೆ ಓಡ್ತಿದೆ. ಮತ್ತೆ ಇಳಿಸ್ಬೇಕು."

"ಇಳ್ಸಿ."

ಅವನು ಟೇಪನ್ನು ಬೆಳಕಿಗೆ ಹಿಡಿದು ತೋರಿಸಿದ. ಎರಡು ಮಳೆಗಾಲದ ಬೂಷ್ಟು ಅಂಚಿಗೆ ಬಿಳಿಯಾಗಿ ಹತ್ತಿತ್ತು. "ಇನ್ನು ಒಂದೇ ಸಲ ಓಡ್ಬಹುದು. ಅದೂ ಗ್ಯಾರಂಟಿ ಇಲ್ಲ."

ಅವಳು ತುಂಬ ಹೊತ್ತು ಟೇಪನ್ನೇ ನೋಡಿದಳು. "ನಿಮ್ಮ ಕೈಲೇ ಇದೆ," ಎಂದು ಹೇಳಿ ಹೊರಟುಹೋದಳು.

ಮರುದಿನ ಬೆಳಿಗ್ಗೆ ಅವನು ಷಟರ್ ಅರ್ಧ ಇಳಿಸಿದ. ಹಳೇ ಫೈಲುಗಳನ್ನು ಅಳಿಸಿ ಡಿಸ್ಕಿನಲ್ಲಿ ಜಾಗ ಮಾಡಿದ. ಇಂಟರ್‌ನೆಟ್ ವೈರು ಕಿತ್ತ, ವೈರಸ್ ಹುಡುಕುವ ಪ್ರೋಗ್ರಾಂ ನಿಲ್ಲಿಸಿದ, ಟೇಬಲ್ ಫ್ಯಾನು ಕಂಪ್ಯೂಟರಿಗೆ ತಿರುಗಿಸಿ ತಾನು ಬೆವರುತ್ತ ಕೂತ. ಕ್ಯಾಮೆರಾಗೆ ಹಾಕಿದ ಟೇಪು ಓಡಿತು. ಒಂದು ಚಿತ್ರವೂ ಬಿಟ್ಟುಹೋಗಲಿಲ್ಲ. ಕೊನೆಯಲ್ಲಿ ಕ್ಯಾಮೆರಾದೊಳಗೆ ಕರಕರ ಸದ್ದಾಗಿ, ಟೇಪು ಸುಕ್ಕಾಗಿ ಸುತ್ತಿಕೊಂಡು ಹರಿಯಿತು.

ಉಳಿದದ್ದು ಕಂಪ್ಯೂಟರಿನಲ್ಲಿದ್ದ ಆ ಒಂದೇ ಫೈಲು. ಹಾಕಿ ನೋಡಿದ. ಮೊದಲಿಂದ ಕೊನೆವರೆಗೆ ತುಟಿ ಮತ್ತು ದನಿ ಜೊತೆಜೊತೆಗೇ ನಡೆದವು. ಆ ದೃಶ್ಯವೂ ಬಂತು: "ಏನಪ್ಪಾ ವಿಡಿಯೋದವ್ನೇ..." ಎರಡು ವರ್ಷದ ಹಿಂದಿನ ನಾಚಿಕೆ ಹೊಸದಾಗಿ ಮುಖಕ್ಕೇರಿತು.

ಕತ್ತರಿಸುವುದು ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ಕತ್ತರಿಸದಿದ್ದರೆ, ತಾಯಿ ಬೈದವನನ್ನು ಮಗಳು ಯಾವ ಮುಖದಿಂದ ನೋಡುತ್ತಾಳೆ? ಮೀಸೆ, ಬೆರಳು, ಭುಜದ ಮೇಲಿನ ಏಟು, ಎಲ್ಲ ಅಲ್ಲಿಗೆ ಮುಗಿಯಿತು. ಆದರೆ ಗಂಗಲಕ್ಷ್ಮಮ್ಮ ಇಡೀ ಟೇಪಿನಲ್ಲಿ ಎದುರಿಗೆ ನಿಂತು ಮಾತಾಡಿದ್ದು ಅದೊಂದೇ ಕಡೆ. ಆ ತಾಯಿಯ ಬಾಯನ್ನು ತಾನು ಒಂದು ಸಲ ಮುಚ್ಚಿಸಿಯಾಗಿದೆ. ಅವನು ಮೌಸ್‌ನಿಂದ ಕೈ ತೆಗೆದ.

ಹನ್ನೊಂದು ಗಂಟೆಗೆ ಅಕ್ಷತ ಬಂದಳು. ಅವನು ಕುರ್ಚಿ ಕೊಟ್ಟು, ಆ ದೃಶ್ಯ ಬರುವ ಹೊತ್ತಿಗೆ ಎದ್ದು ಗೋಡೆಗೆ ಒರಗಿ ನಿಂತ.

ಗಂಗಲಕ್ಷ್ಮಮ್ಮ ಸ್ಕ್ರೀನ್ ತುಂಬ ಬಂದಳು. ಅಂದು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದಳು. ವಿಮಾನದ ಸದ್ದು ಸ್ಪೀಕರನ್ನೇ ಒಡೆಯುವಂತೆ ಬಂತು, ಅದರೊಳಗೆ ಅವಳ ತುಟಿ ಆಡುತ್ತಲೇ ಇತ್ತು.

"ಮತ್ತೆ ಹಾಕಿ."

ಹಾಕಿದ. ನಾಲ್ಕು ಸಲ ಹಾಕಿದ. ನಾಲ್ಕನೇ ಸಲ ಅವಳು ಅವನ ಕಡೆ ತಿರುಗಿದಳು. ಮುಖದಲ್ಲಿ ನಗು ಇರಲಿಲ್ಲ.

"ಅಮ್ಮ ಏನಂದ್ಲು, ಗೊತ್ತಾ?"

"ಬೈದ್ರು. ನಾನು ನಿಮ್ಮನ್ನೇ ತೆಗೀತಿದ್ದೆ. ತಪ್ಪಾಯ್ತು. ಅದಕ್ಕೇ ಆ ಸೀನ್ ಕತ್ತರಿಸ್ದೆ. ಆಮೇಲೆ ಮುಖ ತೋರ್ಸೋಕೆ ಧೈರ್ಯ ಬರ್ಲಿಲ್ಲ."

"ಸದ್ದಲ್ಲಿ ನಿಮಗೆ ಕೇಳಿಸಿಲ್ಲ. ನಂಗೆ ಸದ್ದು ಲೆಕ್ಕಕ್ಕಿಲ್ಲ." ಅವಳು ಸ್ಕ್ರೀನ್ ಕಡೆ ನೋಡಿ, ಅಮ್ಮನ ತುಟಿ ಆಡಿದ ಹಾಗೇ, ಅಮ್ಮನ ಮಾತಿನಲ್ಲೇ ಹೇಳಿದಳು: "'ಇಷ್ಟ ಆಗಿದ್ರೆ ಮನೆಗ್ ಬಂದು ಕೇಳಪ್ಪಾ, ಕದ್ದು ಯಾಕೆ ತೆಗೀತೀಯ? ನಾನೇನ್ ಇಲ್ಲ ಅಂತೀನಾ?'"

ಉಮಾಶಂಕರ ಸ್ಟೂಲು ಎಳೆದುಕೊಂಡು ಕೂತ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಿತ್ತು ಅವನ ಬಾಳು. ಕರೆದಿದ್ದಳು ಆ ತಾಯಿ. ಒಂದು ವರ್ಷ ಬದುಕಿಯೂ ಇದ್ದಳು.

"ಒಂದ್ಸಲ ಕೇಳಿದ್ಲು ನನ್ನ," ಅಕ್ಷತಳ ದನಿ ಒಡೆದಿತ್ತು. "'ಆ ವಿಡಿಯೋದವ್ನು ಆಮೇಲೆ ಬಂದ್ನೇನೇ' ಅಂತ. ಡಿವಿಡಿ ವಿಷ್ಯ ಅಂದ್ಕೊಂಡೆ. ಬಂದಿಲ್ಲ ಅಂದೆ. ಸುಮ್ನಾಗ್ಬಿಟ್ಲು."

ಇಬ್ಬರೂ ಅತ್ತರು. ಸಮಾಧಾನ ಮಾಡಲು ಅಲ್ಲಿ ಮೂರನೆಯವರು ಇರಲಿಲ್ಲ.

ಆಮೇಲೆ ಅಕ್ಷತ ಕಿವಿಯ ಮಿಷಿನ್ನನ್ನು ಬಿಚ್ಚಿ ಟೇಬಲ್ಲಿನ ಮೇಲಿಟ್ಟಳು.

"ದೀಪಾವಳಿ ಆದ್ಮೇಲೆ ಹೀಗೇ ಇರುತ್ತೆ. ನೀವು ಕೂಗಿದ್ರೂ ಕೇಳಲ್ಲ, ಗೊಣಗಿದ್ರೂ ಕೇಳಲ್ಲ. ಯಾವಾಗ್ಲೂ ಎದುರಿಗೆ ಬಂದೇ ಮಾತಾಡ್ಬೇಕು. ಆಗುತ್ತಾ, ಯೋಚ್ನೆ ಮಾಡಿ." ಕುರ್ಚಿಯನ್ನು ಅವನ ಕಡೆ ಎಳೆದುಕೊಂಡಳು. "ಆಗೋದಾದ್ರೆ ಕೇಳಿ."

ಅವನು ಸ್ಟೂಲು ಹತ್ತಿರ ಸರಿಸಿ ಅವಳ ಎದುರಿಗೆ ಕೂತ. ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ವಿಮಾನವೊಂದು ಬಸ್ ಸ್ಟ್ಯಾಂಡಿನ ಮೇಲೆ ಹಾದುಬಂತು. ಷಟರ್ ಗಡಗಡ ನಡುಗಿತು. ಅವನು ನಿಲ್ಲಿಸಲಿಲ್ಲ. ಕೇಳಬೇಕಾದದ್ದನ್ನು ಪೂರ್ತಿ ಕೇಳಿದ, ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಅಕ್ಷತ ಅವನ ತುಟಿಯಿಂದ ಕಣ್ಣು ತೆಗೆಯದೆ ಕೊನೆಯವರೆಗೂ ಓದಿದಳು. ನಂತರ ಸ್ಕ್ರೀನಿನ ಮೇಲೆ ನಿಂತುಹೋಗಿದ್ದ ಅಮ್ಮನ ಮುಖವನ್ನು ಒಮ್ಮೆ ನೋಡಿ, ಹೂಂ ಎಂದು ತಲೆಯಾಡಿಸಿದಳು.